ಕೆಂಪು ಗುರಾಣಿಯ ಮನೆತನ, ಕೈಗೆಟುಕುವ ವೈನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಗೆಟುಕುವ ಬೆಲೆಯ ಕೆಂಪು ವೈನ್ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ದುಬೈನಿಂದ ಬಂದ ಅಳಿಯಂದಿರು ಎರಡು ಬಾಟಲಿ ವೈನ್ ತಂದಿದ್ದಾರೆ. ಮೇಲೆ 'ಎಸ್ಕೂದೊ ರೋಹೊ' ಅಂತ ಇದೆ, ಕೆಳಗೆ ಸಣ್ಣಕ್ಷರದಲ್ಲಿ ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್ ಅಂತ. ಆ ಮನೆತನದ ವೈನ್ ಲಕ್ಷಗಟ್ಟಲೆ ಬೆಲೆಯದು ಅಂತ ಕೇಳಿದ್ದೇವೆ. ಇದು ಅಂಥ ದುಬಾರಿಯೇನಲ್ಲವಂತೆ. ಅಸಲಿನಾ, ಹೆಸರು ಕದ್ದಿದ್ದಾ?
ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಅಸಲಿಯೇ. ಆದರೆ ಲಕ್ಷದ ಬೆಲೆಯ ವೈನ್ ಹುಟ್ಟುವ ತೋಟದ್ದಲ್ಲ, ಆ ದೇಶದ್ದೂ ಅಲ್ಲ. ಲಕ್ಷದ ಮಾತು ಬರುವುದು ಫ್ರಾನ್ಸಿನ ಬೋರ್ಡೊ ಸೀಮೆಯ 'ಶಾಟೊ ಮೂಟೋನ್ ರಾಥ್‌ಶೀಲ್ಡ್' ಬಗ್ಗೆ. ನಿಮ್ಮ ಕೈಲಿರುವುದು ಅದೇ ಕುಟುಂಬದ ಕಂಪನಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಮೈಪೊ ಕಣಿವೆಯ ತನ್ನ ವೈನರಿಯಲ್ಲಿ ಮಾಡಿಸುವ ವೈನ್.

ಎಸ್ಕೂದೊ ರೋಹೊ ಅಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪು ಗುರಾಣಿ. ಜರ್ಮನ್ ಮೂಲದ ರಾಥ್‌ಶೀಲ್ಡ್ ಎಂಬ ಮನೆತನದ ಹೆಸರಿಗೂ ಅದೇ ಅರ್ಥ. ಜರ್ಮನಿಯ ಫ್ರಾಂಕ್‌ಫರ್ಟಿನ ಯಹೂದಿ ಕೇರಿಯಲ್ಲಿ ಹದಿನಾರನೇ ಶತಮಾನದಲ್ಲಿ ಈ ಕುಟುಂಬದ ಹಿರಿಯರು ಇದ್ದ ಮನೆಯ ಗುರುತು ಕೆಂಪು ಗುರಾಣಿ. ಮನೆಗಳಿಗೆ ನಂಬರ್ ಇಲ್ಲದ ಕಾಲ, ಗುರುತೇ ವಿಳಾಸ. ನಮ್ಮಲ್ಲಿ ಅಂಗಡಿ, ದೊಡ್ಡಮನಿ, ಹಿರೇಮಠ ಎಂದು ಮನೆಯೇ ಅಡ್ಡಹೆಸರಾದ ಹಾಗೆ ಅವರಿಗೂ ಆಯಿತು. ಮುಂದೆ ಆ ಮನೆ ಬಿಟ್ಟರೂ ಹೆಸರು ಬಿಡಲಿಲ್ಲ. ಅದೇ ಕೇರಿಯಲ್ಲಿ ಹುಟ್ಟಿದ ಮೇಯರ್ ಆಮ್ಶೆಲ್ ರಾಥ್‌ಶೀಲ್ಡ್ (1744–1812) ಲೇವಾದೇವಿಯಲ್ಲಿ ಬೆಳೆದರು. ಅವರ ಐದು ಗಂಡುಮಕ್ಕಳು ಫ್ರಾಂಕ್‌ಫರ್ಟ್, ವಿಯೆನ್ನಾ, ಲಂಡನ್, ನೇಪಲ್ಸ್, ಪ್ಯಾರಿಸ್‌ಗಳಲ್ಲಿ ವ್ಯವಹಾರ ನಡೆಸಿದರು. ಕುಟುಂಬದ ಲಾಂಛನದಲ್ಲಿ ಐದು ಬಾಣ ಇರುವುದು ಈ ಐವರಿಗಾಗಿ.

ವೈನ್ ಶುರುವಾದದ್ದು ಲಂಡನ್ ಶಾಖೆಯಿಂದ. ಆ ಶಾಖೆಯ ನಥಾನಿಯಲ್ 1853ರಲ್ಲಿ ಬೋರ್ಡೊದ ಪೊಯಾಕ್ ಊರಿನ ಬ್ರಾನ್ ಮೂಟೋನ್ ತೋಟ ಕೊಂಡು ತಮ್ಮ ಹೆಸರು ಸೇರಿಸಿದರು. ಪ್ಯಾರಿಸ್ ಶಾಖೆಯ ಜೇಮ್ಸ್ 1868ರಲ್ಲಿ ಪಕ್ಕದ ಲಫೀತ್ ತೋಟ ಕೊಂಡರು. ಹೀಗಾಗಿ ರಾಥ್‌ಶೀಲ್ಡ್ ಹೆಸರಿನ ಬಾಟಲಿಗಳೆಲ್ಲ ಒಂದೇ ಮನೆಯವಲ್ಲ. 'ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್' ಎಂದಿದ್ದರೆ ಮೂಟೋನ್ ಕಡೆಯದು, 'ದೊಮೇನ್ ಬ್ಯಾರನ್ಸ್ ದ ರಾಥ್‌ಶೀಲ್ಡ್ (ಲಫೀತ್)' ಎಂದಿದ್ದರೆ ಲಫೀತ್ ಕಡೆಯದು. ಲಫೀತಿನವರಿಗೂ ಚಿಲಿಯಲ್ಲಿ 'ಲೋಸ್ ವಾಸ್ಕೋಸ್' ಎಂಬ ಸುಲಭ ಬೆಲೆಯ ವೈನ್ ಇದೆ, 1988ರಿಂದ.

ಇಷ್ಟು ಹೆಸರಾಂತ ಮನೆತನದ್ದಾದರೂ ಎಸ್ಕೂದೊ ರೋಹೊ ಯಾಕೆ ಅಗ್ಗ? ಮೂಟೋನ್ ತೋಟ ಇರುವುದು ಸುಮಾರು ಇನ್ನೂರು ಎಕರೆ. ಅದನ್ನು ಹಿಗ್ಗಿಸಲಿಕ್ಕೆ ಬರುವುದಿಲ್ಲ, ಬೇಡಿಕೆ ಮಾತ್ರ ಏರುತ್ತಲೇ ಇದೆ. ಚಿಲಿಯಲ್ಲಿ ಭೂಮಿ ಅಗ್ಗ, ಬೇಸಿಗೆಯಲ್ಲಿ ಮಳೆ ಕಡಿಮೆ, ಹಣ್ಣು ಕೊಳೆಯುವುದು ಅಪರೂಪ, ಕೈಕೆಲಸದ ಖರ್ಚೂ ಕಡಿಮೆ. ಅದೇ ಕುಟುಂಬದ ತಂತ್ರಜ್ಞರು ಮಾಡಿದರೂ ಮಣ್ಣು ಬೇರೆ, ಪೀಪಾಯಿಯಲ್ಲಿ ಇಡುವ ಕಾಲ ಬೇರೆ. ಇದರಿಂದ ಮೂಟೋನ್ ರುಚಿ ನಿರೀಕ್ಷಿಸಬೇಡಿ. ಒಳ್ಳೆಯ ಚಿಲಿ ವೈನ್ ಎಂದು ಕುಡಿದರೆ ಮೋಸವಿಲ್ಲ.

ಇದರಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಜೊತೆ ಕಾರ್ಮನೇರ್ ಎಂಬ ದ್ರಾಕ್ಷಿ ಬೆರೆಯುತ್ತದೆ. ಕಾರ್ಮನೇರ್ ಮೂಲತಃ ಬೋರ್ಡೊದ್ದು. ಬೇರು ತಿನ್ನುವ ಫಿಲೊಕ್ಸೆರಾ ಹೇನು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳನ್ನು ನಾಶಮಾಡಿದಾಗ ಅಲ್ಲಿ ಹೆಚ್ಚುಕಡಿಮೆ ಅಳಿದುಹೋಯಿತು. ಅದಕ್ಕೂ ಮೊದಲೇ ಚಿಲಿಗೆ ಹೋಗಿದ್ದ ಬಳ್ಳಿ ಅಲ್ಲಿ ಮೆರ್ಲೊ ಎಂಬ ತಪ್ಪು ಹೆಸರಲ್ಲಿ ಬೆಳೆಯುತ್ತಿತ್ತು. 1994ರಲ್ಲಿ ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಗುರುತು ಹಿಡಿದರು. ಇದು ತಡವಾಗಿ ಹಣ್ಣಾಗುವ ದ್ರಾಕ್ಷಿ. ಸರಿಯಾಗಿ ಮಾಗದ ವರ್ಷ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಎದ್ದು ಬರುತ್ತದೆ. ನಿಮ್ಮ ಬಾಟಲಿಯಲ್ಲಿ ಅದು ತುಸು ಕಂಡರೆ ವೈನ್ ಕೆಟ್ಟಿದೆ ಎಂದುಕೊಳ್ಳಬೇಡಿ, ಅದರ ಗುಣವೇ ಅದು. ಜಗ್ಗಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ತಗ್ಗುತ್ತದೆ.

ಇನ್ನೊಂದು ಮಾತು. ವಿದೇಶದಿಂದ ಬರುವವರು ತಲೆಗೆ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. 750 ಮಿಲಿಯ ಎರಡು ಬಾಟಲಿ ಅದರೊಳಗೆ ಸಲೀಸು, ಮೂರನೆಯದಕ್ಕೆ ಸುಂಕ ಬೀಳುತ್ತದೆ. ನಮ್ಮ ಅಂಗಡಿಗಳಲ್ಲಿ ಇದೇ ಬಾಟಲಿ ಅಗ್ಗ ಎನ್ನಿಸದಿರುವುದು ಸುಂಕದ ಕಾರಣಕ್ಕೆ. ವೈನ್ ಮೇಲಿನ ಆಮದು ಸುಂಕ ಬಹುಕಾಲ ಶೇ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. ಆಸ್ಟ್ರೇಲಿಯಾದ ವೈನ್‌ಗಳಿಗೆ 2022ರ ಡಿಸೆಂಬರಿನಲ್ಲಿ ಜಾರಿಯಾದ ಒಪ್ಪಂದದಿಂದ ಸುಂಕ ಹಂತಹಂತವಾಗಿ ಇಳಿಯುತ್ತಿದೆ.

ಮೂಟೋನ್ ಕಾಡೆ ಎಂಬುದು ಮೂಟೋನ್ ರಾಥ್‌ಶೀಲ್ಡಿನ ಎರಡನೇ ದರ್ಜೆ ವೈನಾ?
ಓದುಗರು, ಚಿತ್ರದುರ್ಗ

ಹುಟ್ಟಿದ್ದು ಹಾಗೆಯೇ, ಈಗ ಹಾಗಲ್ಲ. ಫಿಲಿಪ್ ದ ರಾಥ್‌ಶೀಲ್ಡ್, ನಥಾನಿಯಲ್ ಅವರ ಮರಿಮಗ, 1922ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಮೂಟೋನ್ ತೋಟದ ಹೊಣೆ ಹೊತ್ತರು. ಆಗ ಬೋರ್ಡೊದ ವೈನ್ ಪೀಪಾಯಿಯಲ್ಲೇ ವ್ಯಾಪಾರಿಗಳಿಗೆ ಹೋಗುತ್ತಿತ್ತು, ಬಾಟಲಿಗೆ ತುಂಬುವವರು ವ್ಯಾಪಾರಿಗಳು. ಅಲ್ಲಿ ಕಲಬೆರಕೆಗೆ ದಾರಿ ಇತ್ತು. 1924ರಿಂದ ಫಿಲಿಪ್ ಇಡೀ ಬೆಳೆಯನ್ನು ತೋಟದಲ್ಲೇ ಬಾಟಲಿಗೆ ತುಂಬಿಸಿದರು. ಇಂದಿಗೂ ಫ್ರೆಂಚ್ ಬಾಟಲಿ ಮೇಲೆ 'ತೋಟದಲ್ಲೇ ತುಂಬಿದ್ದು' ಎಂಬ ಸಾಲಿಗೆ ಬೆಲೆ ಇರುವುದು ಈ ಕಾರಣಕ್ಕೆ.

1930ರಲ್ಲಿ ಹವೆ ಕೈಕೊಟ್ಟು ಹಣ್ಣು ಸೊರಗಿತು. ಆ ವೈನಿಗೆ ಮನೆತನದ ದೊಡ್ಡ ಹೆಸರು ಹಾಕಲು ಫಿಲಿಪ್ ಒಪ್ಪಲಿಲ್ಲ. ಬೇರೆ ಹೆಸರಲ್ಲಿ ಕಡಿಮೆ ಬೆಲೆಗೆ ಮಾರಿದರು. ಅವರು ಮನೆಯ ಕಿರಿಯ ಮಗ, ಫ್ರೆಂಚ್‌ನಲ್ಲಿ ಕಾಡೆ. ಅದೇ ಹೆಸರಾಯಿತು. ಜನ ಕೇಳಿ ಕೇಳಿ ಕೊಂಡರು. ತೋಟದ ಹಣ್ಣು ಸಾಲದೆ ಬೋರ್ಡೊದ ಬೇರೆ ರೈತರಿಂದ ಕೊಳ್ಳಬೇಕಾಯಿತು. ಹಾಗಾಗಿ ಇಂದಿನ ಮೂಟೋನ್ ಕಾಡೆ, ಮೆರ್ಲೊ ಹೆಚ್ಚಿರುವ, ಇಡೀ ಬೋರ್ಡೊ ಸೀಮೆಯ ವೈನ್. ಮೂಟೋನ್ ತೋಟದ ನಿಜವಾದ ಎರಡನೇ ವೈನ್ 'ಲ ಪೆತಿ ಮೂಟೋನ್', ಅದು 1990ರ ದಶಕದಲ್ಲಿ ಬಂತು, ಬೆಲೆಯೂ ಆಕಾಶದಲ್ಲಿದೆ.

ಕೆಟ್ಟ ಬೆಳೆಗೆ ತನ್ನ ಹೆಸರು ಹಾಕದಿರುವ ಆ ನಿರ್ಧಾರವನ್ನು ನಾವು ದೊಡ್ಡದೆಂದೇ ಎಣಿಸುತ್ತೇವೆ. ಬೋರ್ಡೊ ತೋಟಗಳನ್ನು ದರ್ಜೆವಾರು ವಿಂಗಡಿಸಿದ 1855ರ ಪಟ್ಟಿಯಲ್ಲಿ ಎರಡನೇ ಸಾಲಿನಲ್ಲಿದ್ದ ಮೂಟೋನ್ 1973ರಲ್ಲಿ ಮೊದಲ ಸಾಲಿಗೆ ಏರಿತು. ಇಂಥ ಕಟ್ಟುನಿಟ್ಟು ಇಲ್ಲದೆ ಅದು ಆಗುವ ಮಾತಲ್ಲ.

ನಮ್ಮ ದೇಶದ ವೈನ್‌ಗಳಲ್ಲಿ ಹೀಗೆ ಕುಟುಂಬದ ಹೆಸರಿನವು ಇವೆಯಾ? ದಾವಣಗೆರೆಯಲ್ಲಿ ಸಿಗುವಂಥವು, ಕೈಗೆಟುಕುವಂಥವು.
ಓದುಗರು, ವಿದ್ಯಾನಗರ, ದಾವಣಗೆರೆ

ಇವೆ. ಸುಲಾ ಎಂಬುದು ತಾಯಿಯ ಹೆಸರು. ಸ್ಥಾಪಕ ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ನಾಶಿಕದ ಹೊರಗಿನ ಕುಟುಂಬದ ಜಮೀನಿಗೆ ಬಂದು ಮಾವು, ತಿನ್ನುವ ದ್ರಾಕ್ಷಿ ಬೆಳೆದು ನೋಡಿ, ಕೊನೆಗೆ ವೈನ್ ದ್ರಾಕ್ಷಿಗೆ ತಿರುಗಿದರು. ತಾಯಿ ಸುಲಭಾ ಹೆಸರನ್ನೇ ಚಿಕ್ಕದು ಮಾಡಿ ಇಟ್ಟರು. ಮೊದಲ ವೈನ್ ಬಂದದ್ದು 2000ದಲ್ಲಿ. ಅವರಿಗೆ ಚನ್ನಪಟ್ಟಣದ ಕಡೆ ಕರ್ನಾಟಕದ ವೈನರಿಯೂ ಇದೆ.

ಗ್ರೋವರ್ ಕೂಡ ಮನೆತನದ ಹೆಸರು. ಫ್ರೆಂಚ್ ವೈನ್ ಮೆಚ್ಚಿಕೊಂಡಿದ್ದ ಉದ್ಯಮಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿದರು. ಬೋರ್ಡೊದ ವೈನ್ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆ ಪಡೆದರು. ಗ್ರೋವರ್ ಅವರ 'ಲಾ ರಿಸರ್ವ್', ಕ್ಯಾಬರ್ನೆ ಮತ್ತು ಶಿರಾಜ್ ಮಿಶ್ರಣ, ಕರ್ನಾಟಕದ ಮಣ್ಣಿನ ಕೆಂಪು ವೈನ್‌ಗಳಲ್ಲಿ ಮೊದಲು ರುಚಿ ನೋಡಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ. 2012ರಲ್ಲಿ ನಾಶಿಕದ ಕಂಪನಿಯೊಂದು ಜೊತೆಗೂಡಿದ ಮೇಲೆ ಗ್ರೋವರ್ ಝಂಪಾ ಎಂದಾಯಿತು.

ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿ ಇಟಾಲಿಯನ್ ಹೆಸರು, ಅಣ್ಣತಮ್ಮಂದಿರು ಎಂದು. ಇಟಲಿಯ ಸೆಚ್ಚಿ, ದೆಹಲಿಯ ಸೆಖ್ರಿ, ಅಕ್ಲೂಜಿನ ಮೋಹಿತೆ ಪಾಟೀಲ್, ಮೂರೂ ಮನೆಯ ಸೋದರರು ಸೇರಿ ಕಟ್ಟಿದ್ದು.

ಆಸ್ಟ್ರೇಲಿಯಾದ 'ಜೇಕಬ್ಸ್ ಕ್ರೀಕ್' ಸಿಕ್ಕರೆ ಅದರ ಹೆಸರು ವೈನ್ ಮಾಡಿದವರದಲ್ಲ. ಕ್ರೀಕ್ ಅಂದರೆ ಹಳ್ಳ, ಅದಕ್ಕೆ ಆ ಹೆಸರು ಬಂದದ್ದು ಭೂಮಾಪನ ಮಾಡಿದ ವಿಲಿಯಂ ಜೇಕಬ್ ಅವರಿಂದ. ಅದರ ದಡದಲ್ಲಿ 1847ರಲ್ಲಿ ಬಳ್ಳಿ ನೆಟ್ಟವರು ಯೊಹಾನ್ ಗ್ರಾಂಪ್.

ಕೊಳ್ಳುವಾಗ ಮುಂದಿನ ಲೇಬಲ್ ಓದಿ ಸುಮ್ಮನಾಗಬೇಡಿ, ಹಿಂದಿನದನ್ನೂ ತಿರುಗಿಸಿ. ಎಲ್ಲಿ ತಯಾರಿಸಿ ತುಂಬಿದ್ದು, ಯಾವ ದ್ರಾಕ್ಷಿ, ಶೇಕಡ ಎಷ್ಟು ಆಲ್ಕೋಹಾಲ್, ಕೊಯ್ಲಿನ ಇಸವಿ ಯಾವುದು, ಈ ನಾಲ್ಕನ್ನು ನೋಡಿ. ನಮ್ಮಲ್ಲಿ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ವಿಜಯಪುರದ ಕಡೆ ಚಾಟ್ನಿ ಅನ್ನುವುದು ಅದನ್ನೇ. ಏಪ್ರಿಲ್ ಹೊತ್ತಿಗೆ ಬಳ್ಳಿಗಾಗಿ ಒಂದು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು. ಕೊಯ್ಲು ಜನವರಿಯಿಂದ ಮಾರ್ಚ್. ಲೇಬಲ್ ಮೇಲಿನ ಇಸವಿ ಆ ಕೊಯ್ಲಿನದು. ಕಡಿಮೆ ಬೆಲೆಯ ಕೆಂಪು ವೈನ್ ಆದರೆ ಕೊಯ್ಲಾಗಿ ಮೂರು ವರ್ಷದೊಳಗಿನದನ್ನೇ ಕೇಳಿ. ಲೇಬಲ್ ಮೇಲೆ ಇಸವಿಯೇ ಇಲ್ಲದಿದ್ದರೆ ತುಂಬಿದ ತಿಂಗಳು ನೋಡಿ.

ಏಪ್ರಿಲಿನಲ್ಲಿ ತಂದ ವೈನ್ ಬೆಂದ ಬೆಲ್ಲದ ಪಾಕದ ವಾಸನೆ, ಕೊನೆಗೆ ಕಹಿ. ಇದೇ ವೈನ್ ಜನವರಿಯಲ್ಲಿ ಚೆನ್ನಾಗಿತ್ತು. ಅಂಗಡಿಯವರು ಒಂದೇ ಮಾಲು ಅಂತಾರೆ.
ಓದುಗರು, ಹರಿಹರ

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಮಾಲು ಒಂದೇ ಇರಬಹುದು. ನಡುವೆ ಬೇಸಿಗೆ ಬಂತು, ಅಷ್ಟೇ. ನಮ್ಮ ಕಡೆ ಅಗ್ಗದ ವೈನ್ ಕೆಡುವುದಕ್ಕೆ ಮೊದಲ ಕಾರಣ ತಯಾರಿಕೆ ಅಲ್ಲ, ಬಿಸಿ.

ವೈನ್ ಇಡಲು ತಕ್ಕ ಉಷ್ಣತೆ 12ರಿಂದ 15 ಡಿಗ್ರಿ. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ತಗಡಿನ ಮಾಡಿನ ಗೋದಾಮಿನಲ್ಲಿ, ಬಿಸಿಲಿಗೆ ನಿಂತ ಲಾರಿಯಲ್ಲಿ 40 ಡಿಗ್ರಿ ದಾಟಿದರೆ ವರ್ಷದಲ್ಲಿ ಆಗುವ ಮುಪ್ಪು ವಾರಗಳಲ್ಲೇ ಆಗಿಬಿಡುತ್ತದೆ. ಹಣ್ಣಿನ ಘಮ ಹೋಗಿ ಬೆಂದ ವಾಸನೆ ಉಳಿಯುತ್ತದೆ. ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಆ ಸಂದಿಯಲ್ಲಿ ಗಾಳಿ ಹೋಗಿ ಆಕ್ಸಿಡೀಕರಣ ಶುರುವಾಗುತ್ತದೆ.

ಅಂಗಡಿಯಲ್ಲೇ ಗುರುತಿಸಬಹುದು. ಬಿರಡೆ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದೆಯಾ, ಮುಚ್ಚಿದ ಹಾಳೆ ಕೈಯಿಂದ ತಿರುಗದೆ ಅಂಟಿಕೊಂಡಿದೆಯಾ, ಕುತ್ತಿಗೆಯಲ್ಲಿ ಅಂಟು ಜಿನುಗು ಇದೆಯಾ, ವೈನಿನ ಮಟ್ಟ ಪಕ್ಕದ ಬಾಟಲಿಗಿಂತ ತಗ್ಗಿದೆಯಾ ಎಂದು ನೋಡಿ. ಶೋಕೇಸಿನ ಮುಂದಿನ ಸಾಲಿನದು, ಟ್ಯೂಬ್‌ಲೈಟ್ ಕೆಳಗಿನದು ಬೇಡ. ಹಿಂದಿನ ಕೋಣೆಯ ಪೆಟ್ಟಿಗೆಯಿಂದ ತೆಗೆಸಿ. ಸಾಧ್ಯವಿದ್ದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಕೊಂಡುಬಿಡಿ. ತಿರುಪಿನ ಮುಚ್ಚಳದ ಬಾಟಲಿಯನ್ನು ಕೀಳೆಂದು ಎಣಿಸಬೇಡಿ. ನಮ್ಮ ಹವೆಗೆ ಬಿರಡೆಗಿಂತ ಅದೇ ಮೇಲು.

ಮನೆಯಲ್ಲಿ ಅಟ್ಟ, ಅಡುಗೆಮನೆ, ಫ್ರಿಜ್ ತಲೆಯ ಮೇಲೆ, ಈ ಮೂರೂ ಜಾಗ ಬೇಡ. ಫ್ರಿಜ್ಜಿನ ಹಿಂಬದಿಯ ಬಿಸಿ ಮೇಲೇರಿ ಬಾಟಲಿಗೆ ತಾಗುತ್ತದೆ. ಬಡಗು ಗೋಡೆಯ ಒಳಕೋಣೆಯಲ್ಲಿ, ನೆಲಕ್ಕೆ ತಾಗಿದಂತೆ, ರಟ್ಟಿನ ಪೆಟ್ಟಿಗೆಯಲ್ಲಿಡಿ. ಬಿರಡೆಯದಾದರೆ ಮಲಗಿಸಿ, ಬಿರಡೆ ಒಣಗಿ ಕುಗ್ಗಬಾರದು. ಮಾರ್ಚಿನಿಂದ ಮೇವರೆಗೆ ಕೆಳಗಿನ ತರಕಾರಿ ಡಬ್ಬದಲ್ಲಿ ಫ್ರಿಜ್ಜಿನೊಳಗೇ ಇಡಿ. ಕೆಂಪು ವೈನನ್ನು ಫ್ರಿಜ್ಜಿನಲ್ಲಿಡಬಾರದು ಎನ್ನುವುದು ತಂಪು ದೇಶಗಳಿಗೆ ಹೇಳಿದ ಮಾತು. 38 ಡಿಗ್ರಿಯ ಕೋಣೆಗಿಂತ 5 ಡಿಗ್ರಿಯ ಫ್ರಿಜ್ ಎಷ್ಟೋ ವಾಸಿ.

ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ಬೇಸಿಗೆಯ ಕೋಣೆಯಲ್ಲಿದ್ದ ಬಾಟಲಿ ಫ್ರಿಜ್ಜಿನಲ್ಲಿ ಆ ಮಟ್ಟಕ್ಕೆ ಬರಲು ಒಂದೂವರೆಯಿಂದ ಎರಡು ಗಂಟೆ ಬೇಕು. ಅವಸರವಾದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ ಕುತ್ತಿಗೆವರೆಗೆ ಮುಳುಗಿಸಿ, ಹದಿನೈದು ನಿಮಿಷ ಸಾಕು. ಬರೀ ಐಸು ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ತಡ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಸೀಳುತ್ತದೆ.

ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಜೊತೆ ಕೆಂಪು ವೈನ್ ಹೊಂದುತ್ತಾ?
ಓದುಗರು, ದಾವಣಗೆರೆ

ಗಡಸು ಕ್ಯಾಬರ್ನೆ ಹೊಂದುವುದಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರಿಗೆ ಟ್ಯಾನಿನ್ ಎನ್ನುತ್ತಾರೆ. ಮೆಣಸಿನ ಉರಿಯಲ್ಲಿ ಆ ಒಗರೂ ಆಲ್ಕೋಹಾಲಿನ ಸುಡುವಿಕೆಯೂ ಇಮ್ಮಡಿಯಾಗುತ್ತವೆ. ಆಲ್ಕೋಹಾಲ್ ಶೇ 12.5ರ ಆಸುಪಾಸಿನ, ಮೃದು ಮೆರ್ಲೊ ಇಲ್ಲವೇ ರೋಜೆ (ಗುಲಾಬಿ ಬಣ್ಣದ ವೈನ್) ತೆಗೆದು 14 ಡಿಗ್ರಿಗೆ ತಣ್ಣಗೆ ಮಾಡಿ. ಮಾಂಸದ ಸಾರಿಗೆ ಶಿರಾಜ್ ಚೆನ್ನ, ಮಾಂಸದ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದುಕೊಂಡು ಒಗರು ತಗ್ಗಿಸುತ್ತದೆ. ಜೋಳದ ರೊಟ್ಟಿ, ಶೇಂಗಾ ಹಾಕಿದ ಎಣ್ಣೆಗಾಯಿಗೂ ಶಿರಾಜ್ ಕೂಡಿಬರುತ್ತದೆ. ಬೆಣ್ಣೆ ದೋಸೆಗೆ ಕೆಂಪು ಬೇಡ. ತೆಂಗಿನಕಾಯಿ ಚಟ್ನಿಯ ಸಿಹಿ ವೈನನ್ನು ಹುಳಿ ಮಾಡಿಬಿಡುತ್ತದೆ.

ನಮ್ಮ ತೋಟದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಇದರಿಂದ ಅಂಥ ವೈನ್ ಆಗುತ್ತದಾ?
ಓದುಗರು, ಹಿರಿಯೂರು

ಅಂಥದ್ದು ಆಗುವುದಿಲ್ಲ. ಬೆಂಗಳೂರು ನೀಲಿ ಅಮೆರಿಕ ಮೂಲದ ಲಬ್ರಸ್ಕಾ ಜಾತಿಯ ಬಳಗದ್ದು, ಜ್ಯೂಸಿಗೂ ಸಿಹಿ 'ಪೋರ್ಟ್' ವೈನಿಗೂ ಬಳಸುತ್ತಾರೆ. ಅದರ ಗಾಢ ಘಮ ವೈನಿನಲ್ಲೂ ಉಳಿದು ಬೇರೆಲ್ಲವನ್ನೂ ಮುಚ್ಚುತ್ತದೆ. ಕ್ಯಾಬರ್ನೆ, ಶಿರಾಜ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ಕೊಯ್ಲಿಗೆ ಸಕ್ಕರೆ 22ರಿಂದ 24 ಬ್ರಿಕ್ಸ್ (ರಸದ ಸಕ್ಕರೆಯನ್ನು ಹೆಚ್ಚುಕಡಿಮೆ ಶೇಕಡದಲ್ಲಿ ಹೇಳುವ ಅಳತೆ) ಬರಬೇಕು. ಒಂದು ಬ್ರಿಕ್ಸ್ ಸಕ್ಕರೆಯಿಂದ ಸುಮಾರು ಶೇ 0.55 ಆಲ್ಕೋಹಾಲ್ ಎಂದು ಲೆಕ್ಕ ಹಾಕಿ: 24 ಬ್ರಿಕ್ಸ್‌ಗೆ 13.2, 16 ಬ್ರಿಕ್ಸ್‌ಗೆ 8.8 ಮಾತ್ರ. ಕಡಿಮೆ ಆಲ್ಕೋಹಾಲಿನ ವೈನ್ ಬೇಗ ಹುಳಿಯಾಗುತ್ತದೆ. ಹಾಗಾಗಿ ಸಕ್ಕರೆ ಇಲ್ಲವೇ ಮದ್ಯಸಾರ ಸೇರಿಸಿ ಸಿಹಿ ವೈನ್ ಮಾಡುತ್ತಾರೆ. ಪೋರ್ಚುಗಲ್ಲಿನ ದೋರೊ ಕಣಿವೆಯ ಅಸಲಿ ಪೋರ್ಟಿಗೂ ಇದಕ್ಕೂ ಹೆಸರೊಂದೇ ಸಮಾನ.

ವೈನ್ ತಳಿ ನೆಡುವ ಯೋಚನೆ ಇದ್ದರೆ ಮೊದಲು ಒಂದು ವೈನರಿಯ ಜೊತೆ ಖರೀದಿ ಕರಾರು ಮಾಡಿಕೊಳ್ಳಿ, ಬ್ರಿಕ್ಸ್ ಎಷ್ಟಿದ್ದರೆ ಎಷ್ಟು ದರ ಎಂಬುದನ್ನು ಬರೆಸಿಕೊಳ್ಳಿ. ಸಣ್ಣ, ಬೀಜದ ಈ ಹಣ್ಣನ್ನು ಮಾರುಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ, ವೈನರಿ ಬೇಡವೆಂದರೆ ಬೆಳೆ ತೋಟದಲ್ಲೇ ಕೊಳೆಯುತ್ತದೆ. ಮಾರಾಟಕ್ಕೆ ವೈನ್ ಮಾಡಲು ಅಬಕಾರಿ ಪರವಾನಗಿ ಬೇಕೇ ಬೇಕು. ರಾಜ್ಯದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ವಿವರ ಕರ್ನಾಟಕ ವೈನ್ ಬೋರ್ಡಿನಲ್ಲಿ ಸಿಗುತ್ತದೆ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ದಿನಾ ಒಂದು ಲೋಟ ಕುಡಿಯಬಹುದಾ?
ಓದುಗರು, ಚಳ್ಳಕೆರೆ

ಔಷಧಿ ಎಂದು ಕುಡಿಯಬೇಡಿ. ಆರೋಗ್ಯಕ್ಕೆ ಹಾನಿಯಿಲ್ಲದ ಪ್ರಮಾಣ ಎಂಬುದು ಮದ್ಯಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಲೋಟ. ಶೇ 13.5ರ ವೈನ್ ಒಂದು ಲೋಟದಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ. ಕುಡಿದ ಮೇಲೆ ಬೈಕ್, ಕಾರು ಬೇಡ.

ಬಾಟಲಿ ತೆರೆದ ಮೇಲೆ ಎಷ್ಟು ದಿನ ಇಡಬಹುದು? ತಳದಲ್ಲಿ ಹರಳು ಕಂಡರೆ ಎಸೆಯಬೇಕಾ? ಮಗಳ ಮದುವೆಗೆಂದು ಹತ್ತು ವರ್ಷ ಎತ್ತಿಟ್ಟರೆ ರುಚಿ ಹೆಚ್ಚುತ್ತದಾ?
ಓದುಗರು, ಹೊಳಲ್ಕೆರೆ

ಮೂರನೆಯದಕ್ಕೆ ಮೊದಲು ಉತ್ತರ: ಬೇಡ. ಹತ್ತು ವರ್ಷ ತಾಳುವುದಕ್ಕೆ ಬೇಕಾದಷ್ಟು ಟ್ಯಾನಿನ್ನೂ ಹುಳಿಯೂ ಅಗ್ಗದ ವೈನಿನಲ್ಲಿ ಇರುವುದಿಲ್ಲ. ನಮ್ಮ ಕೋಣೆಯ ಬಿಸಿಗೆ ಅದು ಅಷ್ಟು ಕಾಲ ಉಳಿಯುವುದೂ ಇಲ್ಲ.

ಹರಳು ಟಾರ್ಟರೇಟ್, ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಗಟ್ಟಿಯಾದದ್ದು. ಅಪಾಯವಿಲ್ಲ. ಬಾಟಲಿಯನ್ನು ಒಂದೆರಡು ಗಂಟೆ ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ಸುರಿದು, ಕೊನೆಯ ಎರಡು ಬೆರಳಷ್ಟು ಬಿಟ್ಟುಬಿಡಿ. ನೆನೆದ ರಟ್ಟಿನ ವಾಸನೆ ಬಂದರೆ ಅದು ಬಿರಡೆಯಿಂದ ಬಂದ ದೋಷ, ಎಷ್ಟು ಹೊತ್ತು ಬಿಟ್ಟರೂ ಹೋಗದು, ಅಂಗಡಿಗೆ ವಾಪಸ್ ಒಯ್ಯಿರಿ. ತಿರುಪಿನ ಮುಚ್ಚಳದ ಶಿರಾಜ್‌ನಲ್ಲಿ ಕೊಳೆತ ಮೊಟ್ಟೆ ಇಲ್ಲವೇ ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂದರೆ ಅದು ಗಾಳಿಯಿಲ್ಲದೆ ಕಟ್ಟಿಕೊಂಡ ಗಂಧಕ. ಎರಡು ಜಗ್ಗುಗಳ ನಡುವೆ ನಾಲ್ಕೈದು ಸಲ ಸುರಿದರೆ ಹೋಗುತ್ತದೆ.

ತೆರೆದ ಬಾಟಲಿ ಹೊರಗಿದ್ದರೆ ಬೇಸಿಗೆಯಲ್ಲಿ ಮಾರನೇ ದಿನಕ್ಕೇ ಮಂಕು. ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ ತಾಳುತ್ತದೆ. ಎಲ್ಲಾ ಕುಡಿಯುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ ಅರ್ಧವನ್ನು 375 ಮಿಲಿಯ ಶುಭ್ರ ಗಾಜಿನ ಬಾಟಲಿಗೆ ಬಾಯಿಮಟ್ಟ ತುಂಬಿ, ತಿರುಪಿ ಮುಚ್ಚಿ, ಫ್ರಿಜ್ಜಿನಲ್ಲಿಡಿ. ಗಾಳಿಗೆ ಜಾಗವಿಲ್ಲದ ಕಾರಣ ಒಂದು ವಾರ ಸಲೀಸು. ವಿನೆಗರಿನ ವಾಸನೆ ಬಂದಿದ್ದರೆ ಕುಡಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಮಾಂಸ ನೆನೆಹಾಕಲು ಬಳಸಿ, ಅರ್ಧ ಕೆ.ಜಿ.ಗೆ 100 ಮಿಲಿ, ಎರಡು ಗಂಟೆ ಸಾಕು.